ಪುರುಸೊತ್ತು ಎಲ್ಲಿ ಹೋಯಿತು?

(ಪುತ್ತೂರು, ಸುಳ್ಯ, ಕಡಬ ಕಡೆಯ ಕೃಷಿಕರು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಸೇರಿದ್ದ ಸಭೆಯಲ್ಲಿ ಅಡಿಕೆ ಕೃಷಿಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಗಾರನಲ್ಲ. ಮೂರು ಎಕರೆ ಅಡಿಕೆ ತೋಟ, ಎರಡು ಹಸು, ಗುಡ್ಡದ ಬದಿಯಲ್ಲಿ ಸ್ವಲ್ಪ ರಬ್ಬರು, ಇಷ್ಟನ್ನು ಇಟ್ಟುಕೊಂಡು ಸಂಸಾರ ಸಾಗಿಸುವವನು. ಕಾಲವನ್ನು ಹೇಗೆ ಬಳಸಬೇಕೆಂಬ ವಿಷಯದಲ್ಲಿ ಎರಡು ಮಾತು ಹೇಳಬೇಕೆಂದು ಸಂಘದವರು ಕೇಳಿದಾಗ ನನ್ನ ಬಾಯಿಂದ ಮೊದಲು ಬಂದ ಉತ್ತರ, "ನನಗೆ ಪುರುಸೊತ್ತಿಲ್ಲ ಮಾರಾಯ್ರೆ" ಎಂಬುದು. ಹೇಳಿದ ಮೇಲೆ ನನಗೇ ನಗು ಬಂತು. ಆದುದರಿಂದ ಆ ಮಾತಿನಿಂದಲೇ ಆರಂಭಿಸುತ್ತೇನೆ.

ನಮ್ಮ ಊರಿನಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಕೇಳಿಬರುತ್ತದೆ! ಮದುವೆಗೆ ಯಾಕೆ ಬರಲಿಲ್ಲವೆಂದರೆ ಪುರುಸೊತ್ತಿಲ್ಲ. ತೋಟಕ್ಕೆ ಸೊಪ್ಪು ಯಾಕೆ ಹಾಕಲಿಲ್ಲವೆಂದರೆ ಪುರುಸೊತ್ತಿಲ್ಲ. ಕಾಲುನೋವಿಗೆ ಡಾಕ್ಟರಲ್ಲಿ ಯಾಕೆ ತೋರಿಸಲಿಲ್ಲವೆಂದರೂ ಪುರುಸೊತ್ತಿಲ್ಲ. ಹೇಳುವವರು ಸುಳ್ಳು ಹೇಳುವುದಿಲ್ಲ. ನಿಜವಾಗಿಯೂ ಅವರಿಗೆ ಹಾಗೆಯೇ ಅನ್ನಿಸುತ್ತದೆ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರ ಇಲ್ಲ. ನನ್ನಲ್ಲಿಯೂ ಇರಲಿಲ್ಲ.

ನಾವು ಲೆಕ್ಕ ಇಡದ ಜನರಲ್ಲ. ಸೊಸೈಟಿಗೆ ಹಾಕಿದ ಹಾಲಿಗೆ ಪುಸ್ತಕವುಂಟು. ಮಾರಿದ ಅಡಿಕೆಗೆ ಚೀಟಿಯುಂಟು. ಕೊನೆಗಾರನಿಗೆ ಕೊಟ್ಟ ಸಂಬಳ, ಗೊಬ್ಬರದ ಸಾಲ, ಮದುವೆಯಲ್ಲಿ ಬಂದ ಉಡುಗೊರೆ, ಎಲ್ಲಕ್ಕೂ ಲೆಕ್ಕವುಂಟು. ಬೀಡಿ ಕಟ್ಟುವ ಅಕ್ಕಂದಿರನ್ನು ಕೇಳಿದರೆ ಒಂದು ಗಂಟೆಯಲ್ಲಿ ಎಷ್ಟು ಬೀಡಿ ಆಗುತ್ತದೆಂದು ಥಟ್ಟನೆ ಹೇಳಿಯಾರು. ರಬ್ಬರು ಟ್ಯಾಪಿಂಗ್ ಮಾಡುವವರಿಗೆ ಬಿಸಿಲೇರುವ ಮೊದಲೇ ಗೀರಬೇಕು, ತಡವಾದರೆ ಹಾಲು ಕಡಿಮೆ ಎಂಬುದು ಗೊತ್ತು. ವರ್ಷದ ಲೆಕ್ಕವಂತೂ ನಮ್ಮ ಹಿರಿಯರಲ್ಲಿ ಬಹಳ ಗಟ್ಟಿಯಾಗಿತ್ತು. ಪಗ್ಗು ತಿಂಗಳ ಮೊದಲ ದಿನ ಬಿಸು. ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ. ಪತ್ತನಾಜೆಗೆ ಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಮಳೆಗಾಲದ ಸಿದ್ಧತೆ ಮುಗಿದಿರಬೇಕಾಗುತ್ತದೆ. ಅದಕ್ಕೆ ಮೊದಲೇ ಸೌದೆ ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟದ ಮನೆಯನ್ನು ಊರವರು ಒಳ್ಳೆಯ ಮನೆಯೆಂದು ಹೇಳುತ್ತಿರಲಿಲ್ಲ.

ಹೀಗೆ ವರ್ಷದ ಲೆಕ್ಕ ತಿಳಿದ ನಮಗೆ ದಿನದ ಲೆಕ್ಕ ಮಾತ್ರ ತಿಳಿಯದು. ಹಣ ಕಳೆದರೆ ಜೇಬು ತಡಕುತ್ತೇವೆ. ಗಂಟೆ ಕಳೆದರೆ ತಡಕುವುದಿಲ್ಲ. ಈ ಅಜ್ಞಾನಕ್ಕೆ ನಾನು ತೆತ್ತ ಬೆಲೆಯನ್ನು ಸಂಕೋಚವಿಲ್ಲದೆ ನಿಮ್ಮ ಮುಂದೆ ಇಡುತ್ತೇನೆ.

2018ರ ಮಳೆಗಾಲ ನಿಮಗೆಲ್ಲ ನೆನಪಿರಬಹುದು. ಆ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಸಂಪಾಜೆ ಘಾಟಿಯ ರಸ್ತೆಯೇ ಮುಚ್ಚಿತ್ತು. ಮಹಾಳಿ ರೋಗ, ಅಂದರೆ ಕೊಳೆರೋಗ, ಆ ವರ್ಷ ಅನೇಕ ತೋಟಗಳನ್ನು ಹಾಳು ಮಾಡಿತು. ಬೋರ್ಡೋ ದ್ರಾವಣದ ಕ್ರಮ ನಿಮಗೆ ಹೊಸತಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಮದ್ದು ಬಿಡಬೇಕು. ಮೊದಲನೆಯದನ್ನು ನಾನು ಸಕಾಲದಲ್ಲಿ ಬಿಡಿಸಿದೆ. ಎರಡನೆಯ ಸಲಕ್ಕೆ ಜುಲೈ ತಿಂಗಳಲ್ಲಿ ಎರಡು ದಿನ ಹೊಳವಾಯಿತು. ಮದ್ದು ಬಿಡುವವನು ಬೆಳಿಗ್ಗೆಯೇ ಫೋನು ಮಾಡಿ, "ಅಣ್ಣ, ಇವತ್ತು ಬರಲಾ?" ಎಂದು ಕೇಳಿದ. ನನ್ನಲ್ಲಿ ಮೈಲುತುತ್ತು ಇರಲಿಲ್ಲ. ಸುಣ್ಣ ತಂದಿರಲಿಲ್ಲ. ಪಂಪಿನ ಪೈಪು ಒಂದು ಕಡೆ ಒಡೆದಿತ್ತು. "ನಾಡಿದ್ದು ಬಾ" ಎಂದೆ. ನಾಡಿದ್ದು ಹಿಡಿದ ಮಳೆ ವಾರಗಟ್ಟಲೆ ಬಿಡಲಿಲ್ಲ. ಆಗಸ್ಟ್ ಕೊನೆಗೆ ತೋಟಕ್ಕೆ ಹೋದರೆ ಕಾಲಿಟ್ಟಲ್ಲೆಲ್ಲ ಕೊಳೆತ ಎಳೆಯ ಅಡಿಕೆ. ಬೆಳೆಯ ಅರ್ಧ ಪಾಲು ಹೋಯಿತು.

ಮಳೆಯನ್ನು ಬೈದೆ. ಮದ್ದು ಬಿಡುವವನನ್ನೂ ಬೈದೆ. "ಮೊದಲೇ ತಯಾರು ಮಾಡಿಡಲು ಪುರುಸೊತ್ತೇ ಆಗಲಿಲ್ಲ" ಎಂದು ಮನೆಯಲ್ಲಿ ಹೇಳಿದೆ. ಮಗಳು ಆಗ ಹೈಸ್ಕೂಲಿನಲ್ಲಿದ್ದಳು. "ಅಪ್ಪಾ, ಪುರುಸೊತ್ತು ಆಗದಿದ್ದರೆ ಹೊತ್ತು ಎಲ್ಲಿಗೆ ಹೋಯಿತು?" ಎಂದು ಕೇಳಿದಳು. ಸಿಟ್ಟು ಬಂತು. ಉತ್ತರ ಬರಲಿಲ್ಲ.

ಮುಂದಿನ ಜನವರಿಯಲ್ಲಿ ಅವಳೇ ಒಂದು ಹಳೆಯ ನೋಟ್‌ಪುಸ್ತಕ ತೆಗೆದು ಗೆರೆ ಹಾಕಿದಳು. ಎಡಕ್ಕೆ ಹೊತ್ತು, ಅರ್ಧ ಅರ್ಧ ಗಂಟೆಗೆ ಒಂದು ಮನೆ. ಮೇಲೆ ನಮ್ಮ ಹೆಸರು: ಅಪ್ಪ, ಅಮ್ಮ, ಅಜ್ಜಿ, ಅಣ್ಣ, ನಾನು. ಊಟದ ಹೊತ್ತಿಗೊಮ್ಮೆ, ಸಂಜೆ ಚಾದ ಹೊತ್ತಿಗೊಮ್ಮೆ, ಮಲಗುವ ಮುಂಚೆ ಒಮ್ಮೆ ನಮ್ಮನ್ನು ಕೇಳಿ ಬರೆಯುತ್ತಿದ್ದಳು. ಏಳು ದಿನ ಹೀಗೆ ನಡೆಯಿತು. ಯಾರೂ ಯಾರನ್ನೂ ಆಕ್ಷೇಪಿಸಬಾರದು, ವಾರ ಮುಗಿಯುವ ತನಕ ಕೂಡಿಸಿ ನೋಡಬಾರದು ಎಂಬುದು ಅವಳ ನಿಬಂಧನೆ.

ಎಂಟನೆಯ ದಿನ ಕೂಡಿಸಿದೆವು. ವಾರಕ್ಕೆ 168 ಗಂಟೆ. ತೋಟದಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯುತ್ತೇನೆಂದು ನಾನು ಯಾರೆದುರಿಗೂ ಹೇಳುತ್ತಿದ್ದೆ. ಹಾಗಿದ್ದರೆ ವಾರಕ್ಕೆ 56 ಗಂಟೆ ಆಗಬೇಕು. ಪುಸ್ತಕದಲ್ಲಿ ಇದ್ದದ್ದು 31. ನಿದ್ರೆ ಐವತ್ತೆರಡೂವರೆ, ಊಟ ಸ್ನಾನ ಹದಿನಾಲ್ಕು, ಮನೆ ಮತ್ತು ಹಟ್ಟಿಯ ಕೆಲಸ ಹನ್ನೆರಡು, ಪೂಜೆ, ಮದುವೆ, ಸಭೆ ಒಂಬತ್ತು. ಉಳಿದದ್ದು? ಪೇಟೆಗೆ ಐದು ಸಲ ಹೋಗಿದ್ದೆ. ಅದಕ್ಕೆ ಹದಿನಾಲ್ಕೂವರೆ ಗಂಟೆ. ಒಂದು ಸಲ ಪೈಪಿನ ಜಾಯಿಂಟಿಗೆ, ಒಂದು ಸಲ ಹಿಂಡಿಗೆ, ಒಂದು ಸಲ ಔಷಧಕ್ಕೆ, ಎರಡು ಸಲ ಒಂದೇ ಕಚೇರಿಗೆ. ಯಾಕೆಂದರೆ ಮೊದಲ ಸಲ ಒಂದು ಕಾಗದದ ಜೆರಾಕ್ಸ್ ಕೊಂಡುಹೋಗಲು ನಾನೇ ಮರೆತಿದ್ದೆ. ಟಿ.ವಿ. ಮತ್ತು ಮೊಬೈಲಿಗೆ ಹದಿನೇಳೂವರೆ. ಜಂಕ್ಷನ್ನಿನ ಅಂಗಡಿಯಲ್ಲಿ ಮಾತು ಏಳು. ಕತ್ತಿ ಎಲ್ಲಿ, ಸ್ಪ್ಯಾನರು ಎಲ್ಲಿ ಎಂದು ತೋಟದಿಂದ ಮನೆಗೆ, ಮನೆಯಿಂದ ತೋಟಕ್ಕೆ ತಿರುಗಿದ್ದು ಮೂರೂವರೆ. ಕೊನೆಯ ಏಳು ಗಂಟೆಯ ಎದುರಿಗೆ ಮಗಳು, "ಅಪ್ಪನಿಗೆ ನೆನಪಿಲ್ಲ" ಎಂದು ಬರೆದಿದ್ದಳು.

ಮೊಬೈಲಿನ ಲೆಕ್ಕವನ್ನು ನಾನು ಒಪ್ಪಲಿಲ್ಲ. ದಿನಕ್ಕೆ ಅರ್ಧ ಗಂಟೆ ನೋಡುತ್ತೇನೆ, ಹೆಚ್ಚಿಲ್ಲ ಎಂದೆ. ಮಗ ಫೋನಿನ ಸೆಟ್ಟಿಂಗ್ ತೆರೆದು ತೋರಿಸಿದ. ಯಾವ ದಿನ ಎಷ್ಟು ಹೊತ್ತು ನೋಡಿದ್ದೇನೆಂದು ಫೋನೇ ಬರೆದಿಟ್ಟಿತ್ತು. ನಿಮ್ಮ ಫೋನಿನಲ್ಲಿಯೂ ಆ ಲೆಕ್ಕವಿರಬಹುದು, ಮನೆಗೆ ಹೋಗಿ ನೋಡಿ. ನನಗೆ ಸಿಕ್ಕಿದ ಮೊದಲ ಪಾಠ ಇದು: ಹೊತ್ತಿನ ವಿಷಯದಲ್ಲಿ ಮನುಷ್ಯನ ನೆನಪನ್ನು ನಂಬಬಾರದು. ಇಷ್ಟದ ಕೆಲಸ ಕಡಿಮೆಯೆಂದೂ ಕಷ್ಟದ ಕೆಲಸ ಹೆಚ್ಚೆಂದೂ ಮನಸ್ಸು ಹೇಳುತ್ತದೆ. 1960ರ ದಶಕದಲ್ಲಿ ಪೀಟರ್ ಡ್ರಕರ್ ಎಂಬ ಆಡಳಿತ ತಜ್ಞರು ದೊಡ್ಡ ದೊಡ್ಡ ಕಂಪೆನಿಗಳ ಅಧಿಕಾರಿಗಳಿಗೆ ಇದನ್ನೇ ಬರೆದರು. ಯೋಜನೆ ಹಾಕುವುದಕ್ಕೆ ಮೊದಲು ಕಾಲ ಎಲ್ಲಿ ಹೋಗುತ್ತಿದೆಯೆಂದು ಬರೆದು ನೋಡಿರಿ, ಆಮೇಲೆ ಬೇಡದ್ದನ್ನು ಬಿಡಿರಿ, ಉಳಿದ ಹೊತ್ತನ್ನು ಒಟ್ಟುಗೂಡಿಸಿರಿ ಎಂಬುದು ಅವರ ಅಭಿಪ್ರಾಯ. ಕಂಪೆನಿಯ ಅಧಿಕಾರಿಗೆ ಸರಿಯಾದುದು ಮೂರು ಎಕರೆಯವನಿಗೂ ಸರಿಯೇ.

ಇನ್ನು ಹೇಳುವುದು ನನ್ನ ಲೆಕ್ಕಕ್ಕಿಂತ ಮುಖ್ಯವಾದುದು. ಮಗಳು ಅಮ್ಮನ ಸಾಲನ್ನು ಓದಿದಳು. ಬೆಳಿಗ್ಗೆ ಐದಕ್ಕೆ ಎದ್ದರೆ ಮಲಗುವಾಗ ಹತ್ತೂವರೆ. ಅಡುಗೆಮನೆಗೆ ವಾರಕ್ಕೆ ಮೂವತ್ತೈದು ಗಂಟೆ. ಹಟ್ಟಿಗೆ ಹದಿನೇಳೂವರೆ. ಬಟ್ಟೆ, ನೀರು, ಗುಡಿಸುವುದು ಹದಿನಾಲ್ಕು. ನನ್ನ ತಾಯಿಯ ಆರೈಕೆಗೆ ಹತ್ತೂವರೆ. ಅಂಗಳದಲ್ಲಿ ಅಡಿಕೆ ಹರಡುವುದು, ಹೆಕ್ಕುವುದು ಹತ್ತೂವರೆ. ಅದಲ್ಲದೆ ತೋಟದಲ್ಲಿ ನನ್ನ ಜೊತೆಗೆ ಹದಿನಾಲ್ಕು. ಕೆಲವು ಮನೆಗಳಲ್ಲಿ ಮಗಳು ಎರಡು ಕೆಲಸ ಬರೆದಿದ್ದಳು: ಒಲೆಯಲ್ಲಿ ಅನ್ನ, ಕೈಯಲ್ಲಿ ಹಸುವಿನ ಅಕ್ಕಚ್ಚಿನ ಬಾಲ್ದಿ. ಕೈಯಲ್ಲಿ ಏನೂ ಕೆಲಸವಿಲ್ಲದೆ ಕುಳಿತ ಹೊತ್ತು ಇಡೀ ವಾರದಲ್ಲಿ ಮೂರು ಗಂಟೆ. ಅದರಲ್ಲಿ ಎರಡು ಗಂಟೆ ಸ್ವಸಹಾಯ ಸಂಘದ ಸಭೆ.

ಅವಳಿಗೆ ಬಹಳ ದಿನಗಳಿಂದ ಮೆಟ್ಟಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆ ತಿರುಗುವುದು ಇತ್ತು. ರಕ್ತ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಚೀಟಿ ಬರೆದು ನಾಲ್ಕು ತಿಂಗಳಾಗಿತ್ತು. ಆ ಚೀಟಿ ಪಂಚಾಂಗದ ಒಳಗೆ ಇತ್ತು. ಯಾಕೆ ಹೋಗಲಿಲ್ಲವೆಂದು ಅಂದು ರಾತ್ರಿ ಕೇಳಿದೆ. "ನಿಮಗೆ ಗೊತ್ತಿಲ್ಲವಾ, ಪುರುಸೊತ್ತು ಎಲ್ಲಿದೆ?" ಎಂದಳು. ನಾನೂ ಅದನ್ನೇ ಹೇಳುತ್ತಿದ್ದೆ, ಅವಳೂ ಅದನ್ನೇ ಹೇಳುತ್ತಿದ್ದಳು. ಆದರೆ ನನ್ನ ಮಾತಿನ ಹಿಂದೆ ಅಂಗಡಿಯ ಏಳು ಗಂಟೆ ಇತ್ತು, ಅವಳ ಮಾತಿನ ಹಿಂದೆ ಏನೂ ಇರಲಿಲ್ಲ. ಆ ನಾಲ್ಕು ತಿಂಗಳಲ್ಲಿ ನಾನು ಪೇಟೆಗೆ ಎಷ್ಟು ಸಲ ಹೋಗಿ ಬಂದಿರಬಹುದು! ಒಂದು ಸಲವಾದರೂ ಅವಳನ್ನು ಕರೆದುಕೊಂಡು ಹೋಗಬಹುದಿತ್ತು. ಮರುದಿನವೇ ಹೋದೆವು. ರಕ್ತ ಬಹಳ ಕಡಿಮೆಯಿತ್ತು. ಮಾತ್ರೆ, ಆಹಾರ, ವಿಶ್ರಾಂತಿ ಎಂದು ಡಾಕ್ಟರು ಹೇಳಿದರು. ಮೊದಲಿನ ಎರಡನ್ನು ಅಂಗಡಿಯಿಂದ ತರಬಹುದು. ಮೂರನೆಯದನ್ನು ಮನೆಯವರೇ ಕೊಡಬೇಕು.

ಇದು ನಮ್ಮ ಮನೆಯೊಂದರ ಕಥೆಯೆಂದು ತಿಳಿಯಬೇಡಿ. ಅದೇ 2019ರಲ್ಲಿ ಭಾರತ ಸರಕಾರ ದೇಶದಾದ್ಯಂತ ಕಾಲಬಳಕೆಯ ಸಮೀಕ್ಷೆ ನಡೆಸಿತು. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ, ನಮ್ಮ ಮಗಳು ಮಾಡಿದಂತೆಯೇ ಅರ್ಧರ್ಧ ಗಂಟೆಗೆ ಜನ ಏನು ಮಾಡಿದರೆಂದು ಬರೆದುಕೊಂಡರು. ಆರು ವರ್ಷ ಮೇಲ್ಪಟ್ಟವರಲ್ಲಿ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಹಾಗೆ ಮಾಡಿದವರಲ್ಲಿ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ ಹಿಡಿಯಿತು, ಗಂಡಸರಿಗೆ 97 ನಿಮಿಷ. 2024ರಲ್ಲಿ ಪುನಃ ಸಮೀಕ್ಷೆ ನಡೆಯಿತು: ಹೆಂಗಸರಿಗೆ 289, ಗಂಡಸರಿಗೆ 88. ಹೆಂಗಸರ ಹೊರೆ ಐದು ವರ್ಷಗಳಲ್ಲಿ ಹತ್ತು ನಿಮಿಷ ಇಳಿದರೆ, ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿದಿದೆ! ಆದುದರಿಂದ ಮನೆಯ ಯಜಮಾನ ತನ್ನ ಹೊತ್ತನ್ನು ಮಾತ್ರ ಬರೆದರೆ ಅದು ಅರ್ಧ ಲೆಕ್ಕ. ಇಡೀ ಮನೆಯ ಹೊತ್ತನ್ನು ಬರೆಯಬೇಕು.

ಆಮೇಲೆ ನಾವು ಮಾಡಿಕೊಂಡ ಬದಲಾವಣೆಗಳು ದೊಡ್ಡವಲ್ಲ. ಪೇಟೆಯ ಕೆಲಸಕ್ಕೆ ಅಡುಗೆಮನೆಯ ಬಾಗಿಲಲ್ಲಿ ಒಂದು ಚೀಟಿ ತೂಗಿಸಿದೆವು. ಬೇಕಾದದ್ದನ್ನು ನೆನಪಾದಾಗ ಅದರಲ್ಲಿ ಬರೆಯುವುದು, ಪುತ್ತೂರಿನ ಸೋಮವಾರದ ಸಂತೆಯ ದಿನ ಒಟ್ಟಿಗೆ ಮುಗಿಸುವುದು. ಕಚೇರಿಗೆ ಹೋಗುವ ಮೊದಲು ಏನೇನು ಕಾಗದ ಬೇಕೆಂದು ಫೋನಿನಲ್ಲಿ ಕೇಳುವುದು. ಐದು ಪಯಣ ಎರಡಕ್ಕೆ ಇಳಿಯಿತು. ತೋಟದ ಹತ್ಯಾರುಗಳಿಗೆ ಪಂಪುಶೆಡ್ಡಿನ ಗೋಡೆಯಲ್ಲಿ ಮೊಳೆ ಹೊಡೆದು, ತೆಗೆದದ್ದನ್ನು ಅಲ್ಲಿಯೇ ತೂಗಿಸಬೇಕೆಂದು ಕ್ರಮ ಮಾಡಿದೆವು. ಬೆಳಗಿನ ಹಟ್ಟಿಯ ಕೆಲಸ ಮತ್ತು ಸೊಸೈಟಿಗೆ ಹಾಲು ಕೊಂಡುಹೋಗುವುದು ನನ್ನ ಪಾಲು. ಸಂಜೆಯ ಚಾ ಮತ್ತು ಪಾತ್ರೆ ತೊಳೆಯುವುದು ಮಗನ ಪಾಲು. ಮೊದಮೊದಲು ಅವನ ಚಾ ಕುಡಿಯುವುದು ಕಷ್ಟವಾಗಿತ್ತು, ಈಗ ಅಡ್ಡಿಯಿಲ್ಲ. ಊಟವಾದ ಮೇಲೆ ಒಂದು ಗಂಟೆ ಅವಳನ್ನು ಯಾರೂ ಕರೆಯುವಂತಿಲ್ಲ.

ಮಳೆಗಾಲದ ವಿಷಯದಲ್ಲಿ ಹಿರಿಯರ ಸೌದೆಯ ಬುದ್ಧಿಯನ್ನೇ ಹಿಡಿದೆವು. ಮೇ ಹದಿನೈದಕ್ಕೆ ಮೈಲುತುತ್ತು, ಸುಣ್ಣ ಮನೆಯಲ್ಲಿರಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಎರಡು ಸಲಕ್ಕೂ ಸಾಕಾಗುವಷ್ಟು ತರುವುದು. ಪಂಪು, ಪೈಪು, ಗನ್ನು ಪತ್ತನಾಜೆಗೆ ಮೊದಲು ನೀರು ಹಾಕಿ ನೋಡುವುದು. ಎರಡನೆಯ ಸಲದ ದಿನ ಹತ್ತಿರ ಬಂದ ಕೂಡಲೇ, ಮುಂದೂಡಬಹುದಾದ ಬೇರೆ ಕೆಲಸ ಇಟ್ಟುಕೊಳ್ಳದಿರುವುದು. ಮದ್ದು ಬಿಡುವವರು ಊರಿಗೆ ಕೆಲವರೇ. ಒಬ್ಬನೇ ಹತ್ತಾರು ತೋಟ ಸುತ್ತುತ್ತಾನೆ. ಅವನು ಬರುವ ಹಿಂದಿನ ರಾತ್ರಿಯೇ ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ತೂಗಬಿಟ್ಟರೆ ಬೆಳಿಗ್ಗೆ ಕರಗಿರುತ್ತದೆ. ಸುಣ್ಣದ ನೀರಿಗೆ ಸೇರಿಸುವುದನ್ನು ಮಾತ್ರ ಅಂದೇ ಮಾಡಬೇಕು, ಸೇರಿಸಿದ್ದನ್ನು ಅಂದೇ ಮುಗಿಸಬೇಕು. ಹೀಗೆ ಮಾಡಿದರೆ ಅವನಿಗೂ ಒಂದು ಗಂಟೆ ಉಳಿಯಿತು. ಇನ್ನೊಬ್ಬರ ಹೊತ್ತನ್ನು ಹಾಳು ಮಾಡದಿರುವುದೂ ಒಂದು ಮರ್ಯಾದೆ.

ಇದರಿಂದ ನನಗೆ ಅರ್ಥವಾದ ಸಂಗತಿ ಒಂದೇ. ಪುರುಸೊತ್ತನ್ನು ಭರಣಿಯಲ್ಲಿ ತುಂಬಿಡಲು ಬರುವುದಿಲ್ಲ. ಆದರೆ ಕೆಲಸವನ್ನು ಮುಂದಾಗಿ ಮುಗಿಸಿಟ್ಟರೆ, ಬಿಸಿಲು ಕಂಡ ದಿನ ನಾವು ಬಿಡುವಾಗಿರಲು ಬರುತ್ತದೆ. ಹತ್ತು ನಿಮಿಷ, ಕಾಲು ಗಂಟೆ ಎಂದು ಚೂರು ಚೂರಾಗಿ ಚೆಲ್ಲಿದ ಪುರುಸೊತ್ತಿನಿಂದ ಒಂದು ಸಲವೂ ಮದ್ದು ಬಿಡಿಸಲಾಗದು, ಒಬ್ಬರನ್ನೂ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಲಾಗದು. ಅದು ಒಟ್ಟಾಗಿ ಇರಬೇಕು.

ನಿಮ್ಮ ಮನೆಗಳಲ್ಲಿಯೂ ಈ ಪ್ರಯೋಗ ನಡೆಯಲಿ ಎಂಬುದು ನನ್ನ ಕೋರಿಕೆ. ಅದಕ್ಕಾಗಿ ಕೆಲವು ಸೂಚನೆಗಳು:

1. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲು ಸಾಕು. ಅರ್ಧ ಗಂಟೆಗೆ ಒಂದು ಸಾಲು, ಮನೆಯ ಒಬ್ಬೊಬ್ಬರಿಗೂ ಒಂದು ಅಂಕಣ. ಬರೆಯಲು ಬಾರದ ಹಿರಿಯರಿಂದ ಕೇಳಿ ಮಕ್ಕಳು ಬರೆಯಲಿ.

2. ರಾತ್ರಿ ಒಮ್ಮೆಲೇ ನೆನಪಿನಿಂದ ಬರೆಯಬಾರದು. ದಿನಕ್ಕೆ ಮೂರು ಸಲ ಬರೆಯಬೇಕು. ನೆನಪಿಲ್ಲದ್ದನ್ನು ನೆನಪಿಲ್ಲವೆಂದೇ ಬರೆಯಬೇಕು.

3. ಏಳು ದಿನ ಪೂರ್ತಿ ಬರೆಯಬೇಕು. ಒಂದು ದಿನದ ಲೆಕ್ಕದಲ್ಲಿ ಸಂತೆಯೂ ಬಾರದು, ಸಭೆಯೂ ಬಾರದು. ಬೇಸಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ ಬರೆದರೆ ಉತ್ತಮ, ಏಕೆಂದರೆ ನಮ್ಮ ಕೆಲಸ ಎರಡು ಕಾಲದಲ್ಲಿ ಎರಡು ಬಗೆ.

4. ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡಿದ್ದರೆ ಎರಡನ್ನೂ ಬರೆಯಬೇಕು. ಹೆಂಗಸರ ದುಡಿಮೆ ಕಣ್ಣಿಗೆ ಬೀಳುವುದು ಅಲ್ಲಿಯೇ.

5. ಕೂಡಿಸಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಾಡದಿದ್ದರೂ ನಡೆಯುತ್ತಿದ್ದ ಕೆಲಸ ಯಾವುದು? ಒಟ್ಟಿಗೆ ಮಾಡಬಹುದಾಗಿದ್ದ ಕೆಲಸ ಯಾವುದು? ಒಬ್ಬರ ಮೇಲೆಯೇ ಬಿದ್ದ ಕೆಲಸ ಯಾವುದು?

6. ಒಮ್ಮೆಗೆ ಒಂದೆರಡು ಬದಲಾವಣೆ ಸಾಕು. ಎಲ್ಲವನ್ನೂ ಒಂದೇ ದಿನ ತಿದ್ದಲು ಹೊರಟವರು ಎರಡನೆಯ ವಾರ ಪುಸ್ತಕವನ್ನೇ ಒಲೆಗೆ ಹಾಕುತ್ತಾರೆ.

ಇನ್ನೊಂದು ಎಚ್ಚರಿಕೆ. ಈ ಪುಸ್ತಕ ಪೊಲೀಸನಲ್ಲ. ಹೆಂಡತಿ ಮಕ್ಕಳನ್ನು, ಕೆಲಸದವರನ್ನು ಹಿಡಿದು ಕೇಳುವುದಕ್ಕಾಗಿ ಇದನ್ನು ಇಟ್ಟರೆ ಸುಳ್ಳು ಲೆಕ್ಕ ಸಿಕ್ಕೀತು, ಮನೆಯಲ್ಲಿ ಜಗಳವೂ ಆದೀತು. ಮತ್ತು ವಿಶ್ರಾಂತಿ ನಷ್ಟವಲ್ಲ. ರಾತ್ರಿ ಯಕ್ಷಗಾನ ನೋಡಿದ್ದು, ಅಜ್ಜಿಯ ಹತ್ತಿರ ಕುಳಿತು ಹಳೆಯ ಕಥೆ ಕೇಳಿದ್ದು, ನೆರೆಮನೆಯವರ ಕಷ್ಟಕ್ಕೆ ಹೋದದ್ದು, ಇವನ್ನು ನಾನು ನಷ್ಟದ ಸಾಲಿಗೆ ಹಾಕಲಾರೆ. ಅಂಗಡಿಯ ಮಾತನ್ನೂ ನಾನು ಪೂರ್ತಿ ಬಿಟ್ಟಿಲ್ಲ, ಏಳು ಗಂಟೆಯ ಬದಲು ಎರಡಾಗಿದೆ ಅಷ್ಟೆ. ನಾವಾಗಿ ಕೊಟ್ಟ ಹೊತ್ತು ಬೇರೆ, ನಮಗೆ ಗೊತ್ತಿಲ್ಲದೆ ಸೋರಿದ ಹೊತ್ತು ಬೇರೆ. ನಮ್ಮ ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ನಲವತ್ತಕ್ಕೂ ಮಿಕ್ಕಿ ಕಾದಂಬರಿ ಬರೆದರು, ಮಕ್ಕಳಿಗೆ 'ಬಾಲಪ್ರಪಂಚ' ಕೊಟ್ಟರು, ಯಕ್ಷಗಾನದಲ್ಲಿಯೂ ದುಡಿದರು, ಊರೂರು ತಿರುಗಿದರು. ಅವರ ಶಕ್ತಿ ನಮಗೆ ಬಾರದು. ಆದರೆ ಅವರ ದಿನಕ್ಕೂ ಇಪ್ಪತ್ತನಾಲ್ಕೇ ಗಂಟೆ ಇತ್ತು ಎಂಬುದನ್ನು ಮರೆಯಬಾರದು.

ಎಲ್ಲವೂ ಸರಿಯಾಯಿತೆಂದು ನಾನು ಹೇಳಲಾರೆ. ಮದುವೆಯ ಕಾಲದಲ್ಲಿ ನಮ್ಮ ಪುಸ್ತಕ ನಿಂತುಹೋಗುತ್ತದೆ. ಮೊಬೈಲು ಆಗಾಗ ತನ್ನ ಹಳೆಯ ಪಾಲನ್ನು ಕೇಳುತ್ತದೆ. ಆಗ ಮತ್ತೆ ಒಂದು ವಾರ ಬರೆಯುತ್ತೇವೆ. ಕೊಳೆರೋಗವೂ ಪೂರ್ತಿ ಹೋಗಿಲ್ಲ, ಮಳೆ ನಮ್ಮ ಮಾತು ಕೇಳುವುದಿಲ್ಲವಷ್ಟೆ. ಆದರೆ ಸಾಮಾನು ಇಲ್ಲವೆಂಬ ಕಾರಣಕ್ಕೆ ಮದ್ದು ಬಿಡುವವನನ್ನು "ನಾಡಿದ್ದು ಬಾ" ಎಂದು ಹಿಂದೆ ಕಳುಹಿಸಿದ್ದು ಆ ಮೇಲೆ ಒಮ್ಮೆಯೂ ಇಲ್ಲ. ಮನೆಯಾಕೆ ಈಗ ನಿಲ್ಲದೆ ಮೆಟ್ಟಲು ಹತ್ತುತ್ತಾಳೆ. ಇಂದು ಈ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅವಳಿಗೆ ಇಲ್ಲಿ ಬಂದು ಕುಳಿತುಕೊಳ್ಳಲು ಪುರುಸೊತ್ತು ಆಯಿತು ಎಂಬುದೇ ನನ್ನ ಭಾಷಣಕ್ಕೆ ಸಾಕ್ಷಿ.

ಇವತ್ತು ಮನೆಗೆ ಹೋದ ಮೇಲೆ ಮಕ್ಕಳ ಹಳೆಯ ಪುಸ್ತಕದಲ್ಲಿ ಖಾಲಿ ಹಾಳೆ ಹುಡುಕಿರಿ. ನಾಳೆ ಬೆಳಿಗ್ಗೆಯಿಂದ ಬರೆಯಿರಿ. ಮೊದಲಿಗೆ ನಿಮ್ಮ ಸಾಲನ್ನು ನೋಡಿ, ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಬೇಗ ಏಳುವವರ ಸಾಲನ್ನು ನೋಡಿ.

 ಈ ಭಾಷಣ ಕೇಳಿದ ಹೊತ್ತನ್ನು ನಿಮ್ಮ ಪುಸ್ತಕದಲ್ಲಿ ನಷ್ಟದ ಸಾಲಿಗೆ ಬರೆಯಬೇಡಿ.